ಬೆಸ ತಾರೀಖಿನ ಶನಿವಾರ

ಮೊದಲನೆಯ ಪ್ಯಾನ್‌ಕೇಕಿನ ಅಡಿಗೆ ಲೆನರ್ಡ್ ಕುಖ್ತಾ ಸಟ್ಟುಗ ತೂರಿಸಿದ್ದನಷ್ಟೆ, ಅಡಿಗೆಮನೆಯ ಬಾಗಿಲು ತಾನಾಗಿ ತೆರೆದುಕೊಂಡಿತು. ಬಂದವನು ಕೆಳಗಿನ ಮನೆಯ ಫುಸ್ಕೋ. ಈ ಮುದುಕನಿಗೆ ಬಾಗಿಲು ಬಡಿಯುವ ಅಭ್ಯಾಸವಿರಲಿಲ್ಲ. ಮೂವತ್ತೊಂದು ವರ್ಷ ಸಿಟಿ ಬಸ್ಸು ಓಡಿಸಿ ನಿವೃತ್ತನಾದವನು. ಬಾಗಿಲೆಂದರೆ ತನಗೆ ಬೇಕಾದಾಗ ತೆರೆದುಕೊಳ್ಳುವ ವಸ್ತು ಎಂದೇ ಅವನ ತಿಳುವಳಿಕೆ.

"ಬಂದಿದೆ ಕಣೋ ಲೆನಿ," ಎಂದ ಫುಸ್ಕೋ. "ಮೇನ್ ಅವೆನ್ಯೂ ಬಂಕಿಗೆ. ನಾನೇ ಕಣ್ಣಾರೆ ನೋಡ್ಕೊಂಡು ಬಂದೆ."

1979ರ ಆ ಬೇಸಿಗೆಯಲ್ಲಿ ನ್ಯೂಜೆರ್ಸಿಯ ಕ್ಲಿಫ್ಟನ್ ಊರಿನೊಳಗೆ ಯಾರಾದರೂ 'ಬಂದಿದೆ' ಎಂದರೆ ಏನು ಬಂದಿದೆ ಎಂದು ಇನ್ನೊಬ್ಬರು ಕೇಳುತ್ತಿರಲಿಲ್ಲ. ಟವೆಲು ಸುತ್ತಿಕೊಂಡವರು ಟವೆಲಿನಲ್ಲೇ, ಅರ್ಧ ಗಡ್ಡ ಹೆರೆದವರು ಅರ್ಧ ಗಡ್ಡದಲ್ಲೇ ಕಾರಿನ ಕೀಲಿ ಹುಡುಕುತ್ತಿದ್ದರು. ಪೆಟ್ರೋಲಿನ ಬೆಲೆ ಗ್ಯಾಲನ್ನಿಗೆ ಒಂದು ಡಾಲರ್ ಮುಟ್ಟುತ್ತಿತ್ತು. ಅಷ್ಟು ಕೊಡುತ್ತೇವೆಂದರೂ ಸಿಗುತ್ತಿರಲಿಲ್ಲ. ಸಿಕ್ಕುವ ಕಡೆ ಸಾಲು ನೋಡಿದರೆ, ಹಿಂದಿನ ಕಾರಿನವನಿಗೆ ಮುಂದಿನ ಬಂಕು ಕಾಣುವುದಕ್ಕೆ ದುರ್ಬೀನು ಬೇಕಾಗಿತ್ತು. ಸಾಲು ತಗ್ಗಲೆಂದು ಎರಡು ದಿನದ ಹಿಂದಷ್ಟೇ ಸರ್ಕಾರ ಹೊಸ ನಿಯಮ ತಂದಿತ್ತು. ನಂಬರ್ ಪ್ಲೇಟಿನ ಕೊನೆಯ ಅಂಕಿ ಬೆಸವಾಗಿದ್ದವರಿಗೆ ಬೆಸ ತಾರೀಖು, ಸಮವಾಗಿದ್ದವರಿಗೆ ಸಮ ತಾರೀಖು. ಉಳಿದ ದಿನ ಬಂಕಿನ ಕಡೆ ತಲೆ ಹಾಕುವಂತಿಲ್ಲ.

ಅಂದು ಜೂನ್ ಇಪ್ಪತ್ತಮೂರು. ಲೆನರ್ಡ್‌ನ ಹಳೆಯ ಪುಟ್ಟ ಕಾರಿನ ಕೊನೆಯ ಅಂಕಿ ಎಂಟು.

ಹಿಂದಿನ ದಿನ ಅವನ ಸರದಿಯಿತ್ತು. ಆದರೆ ಕೆಲಸದಿಂದ ಬರುವಷ್ಟರಲ್ಲಿ ಬಂಕುಗಳೆಲ್ಲ ಬಾಗಿಲು ಹಾಕಿದ್ದವು. ಟ್ಯಾಂಕಿನಲ್ಲಿ ಇದ್ದಬದ್ದದ್ದನ್ನು ನಂಬಿಕೊಂಡೇ ಅವನು ಎಪ್ಪತ್ತು ಮೈಲಿ ದಕ್ಷಿಣಕ್ಕೆ, ಟಾಮ್ಸ್ ರಿವರ್ ಎಂಬ ಊರಿಗೆ ಹೋಗಿ, ತನ್ನ ಮಗಳು ಡೀನಾಳನ್ನು ಕರೆತಂದಿದ್ದ. ಡೀನಾಗೆ ಎಂಟು ವರ್ಷ. ಎರಡು ವರ್ಷದ ಹಿಂದೆ ಅವನೂ ಹೆಂಡತಿ ವಿವಿಯನ್ನಳೂ ಬೇರೆಯಾದ ಮೇಲೆ ಮಗಳು ತಾಯಿಯ ಜೊತೆ ಇದ್ದಳು. ಹದಿನೈದು ದಿನಕ್ಕೊಮ್ಮೆ, ಶುಕ್ರವಾರ ರಾತ್ರಿಯಿಂದ ಶನಿವಾರ ಸಂಜೆ ಆರರವರೆಗೆ, ಅಪ್ಪನ ಪಾಲಿಗೆ ಬರುತ್ತಿದ್ದಳು.

ಆ ಆರು ಗಂಟೆಯದೇ ಚಿಂತೆ. ಏಪ್ರಿಲಿನಲ್ಲಿ ಟಯರು ಪಂಕ್ಚರಾಗಿ ಅವನು ಏಳೂವರೆಗೆ ಮುಟ್ಟಿದ್ದ. ಮೇ ತಿಂಗಳಲ್ಲಿ ಹೆದ್ದಾರಿಯ ಮಧ್ಯೆ ಪೆಟ್ರೋಲ್ ಮುಗಿದು ಒಂಬತ್ತಾಗಿತ್ತು. ಇನ್ನೊಂದು ಸಲ ತಡವಾದರೆ ಹದಿನೈದು ದಿನಕ್ಕೊಮ್ಮೆ ಎನ್ನುವುದನ್ನು ತಿಂಗಳಿಗೊಮ್ಮೆ ಮಾಡಿಸುತ್ತೇನೆ, ವಕೀಲರ ಹತ್ತಿರ ಮಾತಾಡಿದ್ದೂ ಆಗಿದೆ ಎಂದು ವಿವಿಯನ್ ಹೇಳಿದ್ದಳು. ಅವಳು ಕೂಗಾಡಿ ಹೇಳಿದ್ದರೆ ಲೆನರ್ಡ್ ಇಷ್ಟು ಹೆದರುತ್ತಿರಲಿಲ್ಲ. ಬಟ್ಟೆ ಮಡಿಸುತ್ತ, ತಣ್ಣಗೆ ಹೇಳಿದ್ದಳು.

ಮಗಳಿಲ್ಲದ ಆ ಹದಿನಾಲ್ಕು ದಿನ ಲೆನರ್ಡ್ ಹೇಗಿರುತ್ತಿದ್ದ ಎಂಬುದು ಯಾರಿಗೂ ಗೊತ್ತಿರಲಿಲ್ಲ. ಅವನು ಟೈಪ್‌ರೈಟರ್ ರಿಪೇರಿಯವನು. ಕಂಪನಿಯವರು ಪೆಟ್ರೋಲ್ ಉಳಿಸಲೆಂದು ಅವನ ಕೆಲಸವನ್ನು ವಾರಕ್ಕೆ ಮೂರು ದಿನಕ್ಕೆ ಇಳಿಸಿದ್ದರು, ಸಂಬಳವನ್ನೂ ಅದೇ ಲೆಕ್ಕದಲ್ಲಿ ಇಳಿಸಿದ್ದರು. ಉಳಿದ ನಾಲ್ಕು ದಿನ ಎರಡು ಕೋಣೆಯ ಮನೆಯಲ್ಲಿ ಒಬ್ಬನೇ. ಬೀದಿಯಲ್ಲಿ ಕಂಡ ಬೆಕ್ಕು, ಬಸ್ಸಿನಲ್ಲಿ ಟೋಪಿ ಕಳೆದುಕೊಂಡ ಹೆಂಗಸು, ಹೀಗೆ ಡೀನಾಗೆ ಹೇಳಬೇಕಾದದ್ದನ್ನೆಲ್ಲ ಒಂದು ಚೀಟಿಯಲ್ಲಿ ಬರೆದಿಡುತ್ತಿದ್ದ. ಅವಳು ಬಂದಾಗ ಚೀಟಿ ಎಲ್ಲಿಟ್ಟೆನೆಂದು ಮರೆಯುತ್ತಿದ್ದ.

"ನಂದು ಎಂಟು, ಮಿಸ್ಟರ್ ಫುಸ್ಕೋ. ಇವತ್ತು ಕೊಡಲ್ಲ," ಎಂದ ಈಗ.

"ನಂದು ಏಳು," ಎಂದ ಫುಸ್ಕೋ, ಮೇಜಿನ ಮೇಲಿದ್ದ ಬಾಳೆಹಣ್ಣು ಸುಲಿಯುತ್ತ. "ನನ್ನ ಕಾರಲ್ಲಿ ನೀನು ಸಾಲು ನಿಲ್ಲು. ಆರು ಗಂಟೆ ಹೊತ್ತು ಕೂರೋಕೆ ನನ್ನ ಸೊಂಟ ಕೇಳಲ್ಲ. ಸಿಕ್ಕಿದ್ರಲ್ಲಿ ಅರ್ಧ ನಿಂಗೆ, ಅರ್ಧ ನಂಗೆ. ನನ್ನ ಟ್ಯಾಂಕಿಂದ ನಿನ್ನ ಟ್ಯಾಂಕಿಗೆ ನಳಿಕೆ ಹಾಕಿ ಎಳೆಯೋದು ನಂಗೆ ಬಿಡು."

ಪ್ಯಾನ್‌ಕೇಕ್ ಅಷ್ಟರಲ್ಲಿ ಬೂಟಿನ ಅಟ್ಟೆಯಾಗಿತ್ತು. ಡೀನಾ ರಾತ್ರಿಯ ಅಂಗಿಯಲ್ಲೇ ಬಂದು ಬಾಣಲೆ ನೋಡಿ, ಅಪ್ಪನನ್ನು ನೋಡಿ, ಸಿರಿಯಲ್ ಡಬ್ಬಿ ಕೈಗೆತ್ತಿಕೊಂಡಳು. ಅಂದು ಅವಳನ್ನು ಪೇಟರ್ಸನ್ನಿನ ಜಲಪಾತಕ್ಕೆ ಕರೆದೊಯ್ಯುತ್ತೇನೆ ಎಂದು ಲೆನರ್ಡ್ ಮಾತು ಕೊಟ್ಟಿದ್ದ. ಮೊದಲು ಒಂದು ಗಳಿಗೆ ಬಂಕಿಗೆ ಹೋಗಿ ಬಂದುಬಿಡೋಣ ಎಂದ. ಆ ಬೇಸಿಗೆಯಲ್ಲಿ 'ಒಂದು ಗಳಿಗೆ ಬಂಕಿಗೆ' ಎನ್ನುವ ಮಾತನ್ನು ನಂಬುವವರು ಮಕ್ಕಳು ಮಾತ್ರ.

ಫುಸ್ಕೋನ ಕಾರು ಕಂದು ಬಣ್ಣದ್ದು. ಅದರ ಮೂತಿ ತಿರುವಿನಲ್ಲಿ ಕಾಣಿಸಿಕೊಂಡ ಎಷ್ಟೋ ಹೊತ್ತಿನ ಮೇಲೆ ಬಾಲ ಬರುತ್ತಿತ್ತು. ಗಂಡನ ಪೆನ್ಷನ್ನು ಕುಡಿದು ಮುಗಿಸುವುದು ವೈನಲ್ಲ, ಈ ಕಾರು ಎಂದು ಅವನ ಹೆಂಡತಿ ಸಾಯುವವರೆಗೂ ಹೇಳುತ್ತಿದ್ದಳಂತೆ. ಸಾಲಿನಲ್ಲಿ ಎಂಜಿನ್ ಚಾಲೂ ಮಾಡುವುದೆಂದರೆ ಬಟ್ಟಲು ಹಿಡಿದು ಬೇಡಲು ಹೋಗಿ ಬಟ್ಟಲಿನಲ್ಲಿದ್ದದ್ದನ್ನೂ ಚೆಲ್ಲಿದಂತೆ. ಹಾಗಾಗಿ ಸಾಲು ಒಂದು ಕಾರಿನಷ್ಟು ಸರಿದಾಗಲೆಲ್ಲ ಎಲ್ಲರೂ ಇಳಿದು ತಂತಮ್ಮ ಕಾರು ತಳ್ಳುತ್ತಿದ್ದರು. ಲೆನರ್ಡ್‌ನೂ ತಳ್ಳಿದ. ಡೀನಾ ದಿಂಬಿನ ಮೇಲೆ ಕುಳಿತು ಸ್ಟೀರಿಂಗ್ ಹಿಡಿದಳು. ಅವನದು ಸಣಕಲು ಮೈ. ದೂರದಿಂದ ನೋಡಿದವರಿಗೆ ಕಾರೇ ಅವನನ್ನು ಹಿಂದಕ್ಕೆ ತಳ್ಳುತ್ತಿರುವಂತೆ ಕಾಣುತ್ತಿತ್ತು.

ಡೀನಾಳ ಪ್ರಶ್ನೆಗಳು ನಲ್ಲಿ ನೀರಿನಂತೆ. ಪೆಟ್ರೋಲ್ ಯಾವ ದೇಶದಿಂದ ಬರುತ್ತದೆ, ಆ ದೇಶದವರಿಗೆ ನಮ್ಮ ಮೇಲೆ ಸಿಟ್ಟೇ? ತಳ್ಳಿಕೊಂಡು ಹೋಗುವುದಾದರೆ ಅದು ಕಾರೋ ಕೈಗಾಡಿಯೋ? ಇವರೆಲ್ಲ ಎಲ್ಲಿಗಾದರೂ ಹೋಗುವುದಕ್ಕೆ ಪೆಟ್ರೋಲ್ ಬೇಕು ಅನ್ನುತ್ತಾರಲ್ಲ, ದಿನವೆಲ್ಲ ಇಲ್ಲೇ ಕುಳಿತರೆ ಹೋಗುವುದು ಯಾವಾಗ? ಲೆನರ್ಡ್ ಏದುಸಿರು ಬಿಡುತ್ತ ಗೊತ್ತಿದ್ದಷ್ಟು ಉತ್ತರ ಹೇಳಿದ. ಗೊತ್ತಿಲ್ಲದ್ದಕ್ಕೆ ಹಿಂದಿನ ಕಾರಿನ ಬನಿಯನ್ ತೊಟ್ಟ ಮನುಷ್ಯ ಹೇಳಿದ. ಅವನಿಗೂ ಗೊತ್ತಿಲ್ಲದ್ದನ್ನು ಅವನ ಹಿಂದಿನ ಕಾರಿನ ಮುದುಕಿ ಮಡಿಸುವ ಕುರ್ಚಿಯಲ್ಲಿ ಕುಳಿತು ಉಣ್ಣೆ ಹೆಣೆಯುತ್ತ ಹೇಳಿದಳು. ಹತ್ತು ಗಂಟೆಯ ಹೊತ್ತಿಗೆ ಆ ಇಬ್ಬರಿಗೂ ಲೆನರ್ಡ್‌ನ ವಿಚ್ಛೇದನ, ವಕೀಲರ ವಿಷಯ, ಆರು ಗಂಟೆಯ ಗಡುವು ಎಲ್ಲವೂ ತಿಳಿದುಹೋಗಿತ್ತು. ನೀನು ಆಗಲೇ ಗಟ್ಟಿಯಾಗಿ ನಿಲ್ಲಬೇಕಿತ್ತು ಎಂದು ಬನಿಯನ್ನಿನವನು. ನೀನು ಆಗಲೇ ಸ್ವಲ್ಪ ಬಗ್ಗಬೇಕಿತ್ತು ಎಂದು ಮುದುಕಿ.

ಬೇರೆ ದಿನವಾಗಿದ್ದರೆ ಲೆನರ್ಡ್‌ಗೆ ಇದು ಹಿತವಾಗಿಯೇ ಇರುತ್ತಿತ್ತು. ನಿಜ ಹೇಳಬೇಕೆಂದರೆ, ಪೆಟ್ರೋಲ್ ಅಭಾವ ಬಂದ ಮೇಲೆಯೇ ಊರಿನಲ್ಲಿ ಯಾರಾದರೂ ಅವನನ್ನು ಮಾತಾಡಿಸತೊಡಗಿದ್ದು. ಆದರೆ ಇಂದು ಮಗಳ ಜೊತೆಗಿನ ಒಂದೊಂದು ಗಂಟೆಯೂ ಸೋರುವ ಚೀಲದ ಸಕ್ಕರೆಯಂತೆ ಇಳಿದುಹೋಗುತ್ತಿತ್ತು, ಅವನು ಅವಳ ಮುಖವನ್ನೂ ನೋಡಲಾಗದೆ ಕಾರಿನ ಹಿಂಭಾಗ ನೋಡುತ್ತಿದ್ದ. ಒಮ್ಮೆ ಅವಳು ಕಿಟಕಿಯಿಂದ ಕತ್ತು ಚಾಚಿ, "ಅಪ್ಪಾ, ಒಂದು ಕೇಳ್ಲಾ?" ಎಂದಳು. ಕೇಳು ಎಂದ. ಅವಳು ಸ್ವಲ್ಪ ಯೋಚಿಸಿ, ಮಂಗಳ ಗ್ರಹದಲ್ಲಿ ಪೆಟ್ರೋಲ್ ಇದೆಯೇ ಎಂದು ಕೇಳಿದಳು. ಕೇಳಲು ಹೊರಟದ್ದು ಅದಲ್ಲ ಎಂದು ಯಾರಿಗಾದರೂ ಗೊತ್ತಾಗುವಂತಿತ್ತು. ಆದರೆ ಅಷ್ಟರಲ್ಲಿ ಸಾಲು ಸರಿಯಿತು.

ಹನ್ನೊಂದರ ಹೊತ್ತಿಗೆ ಒಬ್ಬ ಬಸುರಿ ಹೆಂಗಸು ಹಸಿರು ಕಾರನ್ನು ಪಕ್ಕಕ್ಕೆ ತಂದು ನಿಲ್ಲಿಸಿದಳು. ದಿನ ತುಂಬಿದ ಹೊಟ್ಟೆ. ಬಿಸಿಲಿಗೆ ಮುಖ ಕೆಂಪಾಗಿತ್ತು. ಡಾಕ್ಟರ ಹತ್ತಿರ ಹೋಗಬೇಕು, ಒಂದು ತೊಟ್ಟೂ ಇಲ್ಲ ಎಂದಳು. ಬನಿಯನ್ನಿನವನು ಆಕಾಶ ನೋಡಿದ. ಮುದುಕಿ ಹೆಣಿಗೆಯ ಕುಣಿಕೆ ಎಣಿಸತೊಡಗಿದಳು. ಲೆನರ್ಡ್ ಮಾತ್ರ, ಮಗಳು ನೋಡುತ್ತಿದ್ದಾಳೆ ಎಂದುಕೊಂಡು, ತನ್ನ ಮುಂದೆ ಜಾಗ ಬಿಟ್ಟ.

ಹನ್ನೆರಡೂವರೆಗೆ ಬಂಕಿನ ಕೆಲಸಗಾರ ಕೈಯಲ್ಲಿ ಒಂದು ರಟ್ಟಿನ ಫಲಕ ಹಿಡಿದು, ಸಾಲಿನುದ್ದಕ್ಕೂ ಕಾರು ಎಣಿಸುತ್ತ ಬಂದ. 'ಇದೇ ಕೊನೆಯ ಕಾರು' ಎಂದು ಆ ಫಲಕದ ಮೇಲೆ ಬರೆದಿತ್ತು. ಅದನ್ನು ಅವನು ಹಸಿರು ಕಾರಿನ ಹಿಂದಕ್ಕೆ ನೇತುಹಾಕಿದ. ಅದರ ಹಿಂದಿದ್ದವರಿಗೆ ಪೆಟ್ರೋಲ್ ಇಲ್ಲ.

ಸಂತೋಷಕ್ಕೆ ಆ ಹೆಂಗಸು ಕಾರಿನಿಂದ ಹಾರಿ ಇಳಿದಳು. ಹಾರಿದ ರಭಸಕ್ಕೆ ಅವಳ ಉಡುಪಿನ ಕೆಳಗಿನಿಂದ ಒಂದು ದುಂಡನೆಯ ದಿಂಬು ಜಾರಿ ರಸ್ತೆಗೆ ಬಿತ್ತು.

"ಅಪ್ಪಾ," ಎಂದಳು ಡೀನಾ, "ಪಾಪು ಬಿತ್ತು."

ಆ ಹೆಂಗಸು ದಿಂಬನ್ನೆತ್ತಿ, ಧೂಳು ಕೊಡವಿ, ಬೆನ್ನುನೋವಿಗೆ ಇಟ್ಟುಕೊಂಡಿದ್ದೆ ಎಂದು ಹೇಳಿ, ಒಳಗೆ ಕುಳಿತು ಗಾಜು ಏರಿಸಿದಳು. ಆಮೇಲೆ ಸಾಲಿನವರೆಲ್ಲ ಬೈದದ್ದು ಅವಳನ್ನಲ್ಲ, ಲೆನರ್ಡ್‌ನನ್ನು.

ಫುಸ್ಕೋ ಸರಿಯಾಗಿ ಆಗಲೇ ಕೋಲೂರಿಕೊಂಡು ಬಂದ. ಸೊಂಟನೋವಿನ ಮನುಷ್ಯ ಮುಕ್ಕಾಲು ಮೈಲಿ ನಡೆದು ಬಂದಿದ್ದ. ನಡೆದದ್ದನ್ನೆಲ್ಲ ಮೂರು ಜನ ಸೇರಿ ಅವನಿಗೆ ಹೇಳಿದರು. "ಇಷ್ಟೊಂದು ಹೆಂಗಸ್ರು ಇರೋ ಊರಲ್ಲಿ ಹೋಗಿ ಹೋಗಿ ಒಂದು ದಿಂಬನ್ನ ಮುಂದೆ ಬಿಟ್ಟಿದೀಯಲ್ಲೋ," ಎಂದು ಅವನು ಶುರು ಮಾಡಿದ್ದ. ಅಷ್ಟರಲ್ಲಿ ಎದುರಿನ ರಸ್ತೆಯಲ್ಲಿ ಬೆಳ್ಳಿಯಂತೆ ಹೊಳೆಯುವ ಟ್ಯಾಂಕರೊಂದು ಹಾದುಹೋಯಿತು.

ಆ ದಿನಗಳಲ್ಲಿ ಟ್ಯಾಂಕರ್ ಕಂಡರೆ ಬೆನ್ನು ಹತ್ತುವುದು ಎಲ್ಲರ ರೂಢಿ. ಅದು ಯಾವ ಬಂಕಿಗೆ ಹೋಗುತ್ತದೋ ಅಲ್ಲಿ ಸಾಲಿನ ಮೊದಲಿಗನಾಗಬಹುದು. ಫುಸ್ಕೋ ಬಾಗಿಲು ತೆರೆದು, ಲೆನರ್ಡ್‌ನನ್ನು ಪಕ್ಕಕ್ಕೆ ತಳ್ಳಿ, ಸ್ಟೀರಿಂಗ್ ಹಿಡಿದ. ಮೂವತ್ತೊಂದು ವರ್ಷ ಹಳದಿ ದೀಪಕ್ಕೂ ಬಸ್ಸು ನಿಲ್ಲಿಸಿದವನು ಈಗ ಕೆಂಪು ದೀಪವನ್ನೂ ನೋಡಲಿಲ್ಲ. ಲೆನರ್ಡ್ ಹಿಂದಿರುಗಿ ನೋಡಿದಾಗ ಬನಿಯನ್ನಿನವನು, ಮುದುಕಿ, ಅವರ ಹಿಂದೆ ಇನ್ನೂ ಹದಿನೆಂಟು ಕಾರುಗಳು. ಬಾತುಕೋಳಿಯ ಹಿಂದೆ ಮರಿಗಳು ಹೋಗುವಂತೆ ಎಲ್ಲವೂ ಗುಡ್ಡದ ಮೇಲಿನ ಸಿರಿವಂತರ ಬಡಾವಣೆಯ ಕಡೆಗೆ ಸಾಗಿದವು. ಎಂಟು ಮೈಲಿ ಹೋದ ಮೇಲೆ ಟ್ಯಾಂಕರ್ ಒಂದು ದೊಡ್ಡ ಬಿಳಿ ಮನೆಯ ಆವರಣದೊಳಕ್ಕೆ ತಿರುಗಿ ನಿಂತಿತು. ಡ್ರೈವರ್ ಇಳಿದು, ದಪ್ಪ ಕೊಳವೆ ಎಳೆದುಕೊಂಡು ಹಿತ್ತಲಿಗೆ ಹೋಗಿ, ಖಾಲಿ ಈಜುಕೊಳಕ್ಕೆ ನೀರು ಬಿಡತೊಡಗಿದ.

ಫುಸ್ಕೋ ಬಹಳ ಹೊತ್ತು ಆ ನೀರನ್ನೇ ನೋಡಿದ. ಬೇಸಿಗೆಯ ಆರಂಭದಲ್ಲಿ ಕೊಳ ತುಂಬಿಸುವವರಿಗೆ ನೀರು ತರುವ ಗಾಡಿ ಅದು.

ವಿಚಿತ್ರವೆಂದರೆ, ಹಿಂದಿನ ಕಾರುಗಳು ಹೋಗಲಿಲ್ಲ. ಮುಂದೆ ಏನಿದೆಯೆಂದು ಅವರಿಗೆ ಕಾಣುತ್ತಿರಲಿಲ್ಲ. ಸಾಲು ನಿಂತಿದೆ, ತಾವೂ ನಿಂತರು. ಎಂಜಿನ್ ಆರಿಸಿದರು. ಮುದುಕಿ ಕುರ್ಚಿ ಬಿಚ್ಚಿ ಹೆಣಿಗೆ ತೆಗೆದಳು. ದಾರಿಯಲ್ಲಿ ಹೋಗುತ್ತಿದ್ದ ನಾಲ್ಕಾರು ಬೇರೆ ಕಾರುಗಳೂ ಸಾಲು ನೋಡಿ, ಕೇಳದೆ, ಬಂದು ಸೇರಿಕೊಂಡವು. ಫುಸ್ಕೋ ಹಿಂದಿರುಗಲು ಕೀಲಿ ತಿರುಗಿಸಿದ. ಅವನ ಕಾರು ಎರಡು ಸಲ ಕೆಮ್ಮಿ ಸುಮ್ಮನಾಯಿತು. ಬೆನ್ನಟ್ಟುವುದರಲ್ಲೇ ಟ್ಯಾಂಕು ಬರಿದಾಗಿತ್ತು.

ಮನೆಯೊಡತಿ ಹೊರಗೆ ಬಂದಳು. ಶ್ರೀಮತಿ ಹೇವರ್‌ಕ್ಯಾಂಪ್ ಎಂದು ಅಂಚೆ ಡಬ್ಬಿಯ ಮೇಲೆ ಬರೆದಿತ್ತು. ತನ್ನ ಹೂವಿನ ಪಾತಿಯ ಮುಂದೆ ಇಪ್ಪತ್ತೈದು ಕಾರು ಯಾಕೆ ನಿಂತಿವೆ ಎಂದು ಆಕೆ ಕೇಳಿದಾಗ ಲೆನರ್ಡ್ ಕಾರಣ ಹೇಳಿದ. ಆಕೆಗೆ ನಗು ಬರಲಿಲ್ಲ. ಮೊದಲೇ ತಲೆ ಕೆಟ್ಟಿದೆ, ಪತ್ರಿಕೆಗೆ ಒಂದು ಪತ್ರ ಬರೆಯುತ್ತ ಕುಳಿತಿದ್ದೆ, ಟೈಪ್‌ರೈಟರಿನ ಕೀಲಿಗಳು ಒಂದಕ್ಕೊಂದು ಸಿಕ್ಕಿಕೊಂಡಿವೆ, ಸೋಮವಾರದ ಸಂಚಿಕೆಗೆ ತಲುಪಬೇಕು ಎಂದಳು.

ಫುಸ್ಕೋ ಕೋಲು ನೆಲಕ್ಕೆ ಕುಟ್ಟಿ ಮುಂದೆ ಬಂದ. "ಅಮ್ಮಾ, ಇವನು ಯಾರು ಅಂತ ಗೊತ್ತಾ ನಿಮಗೆ? ಈ ಜಿಲ್ಲೇಲಿ ಇವನು ಮುಟ್ಟದೇ ಇರೋ ಟೈಪ್‌ರೈಟರ್ ಇಲ್ಲ. ನಮ್ಮ ಪುಣ್ಯ, ನಿಮ್ಮ ಪುಣ್ಯ, ನಿಮ್ಮನೆ ಬಾಗಿಲಿಗೇ ಬಂದಿದಾನೆ."

ಲೆನರ್ಡ್‌ನ ಅಂಗಿಯ ಜೇಬಿನಲ್ಲಿ ಪುಟ್ಟ ಸ್ಕ್ರೂಡ್ರೈವರ್ ಯಾವಾಗಲೂ ಇರುತ್ತಿತ್ತು. ಡೀನಾಳನ್ನು ಕೊಳದ ಅಂಚಿನಲ್ಲಿ ಕೂರಿಸಿ ಅವನು ಒಳಗೆ ಹೋದ. ಕೀಲಿಗಳನ್ನು ಬಿಡಿಸುವಾಗ ಕಾಗದದ ಮೇಲಿನ ಸಾಲುಗಳು ಕಣ್ಣಿಗೆ ಬೀಳದೆ ಇರುತ್ತವೆಯೇ? ಇಂಥ ಕಷ್ಟಕಾಲದಲ್ಲಿ ಪೆಟ್ರೋಲನ್ನು ಕೂಡಿಟ್ಟುಕೊಳ್ಳುವ ಸ್ವಾರ್ಥಿಗಳ ಬಗ್ಗೆ ಆಕೆ ಎರಡು ಪುಟ ಬರೆದಿದ್ದಳು. ಕೆಲಸ ಮುಗಿಸಿ, ಕೈ ಒರೆಸಿಕೊಳ್ಳಲು ಬಟ್ಟೆ ಬೇಕೆಂದಾಗ ಆಕೆ ಗ್ಯಾರೇಜಿನಲ್ಲಿದೆ ಎಂದು ಮರೆವಿನಲ್ಲಿ ಹೇಳಿಬಿಟ್ಟಳು. ಗ್ಯಾರೇಜಿನ ಗೋಡೆಗೆ ಒತ್ತಿಕೊಂಡು, ಉಪ್ಪಿನಕಾಯಿ ಜಾಡಿಗಳಂತೆ ಸಾಲಾಗಿ, ಐದು ಗ್ಯಾಲನ್ನಿನ ಹತ್ತು ಕ್ಯಾನುಗಳಿದ್ದವು.

ಇಬ್ಬರೂ ಅದನ್ನು ನೋಡಿದರು. ಆಕೆಯೇ ಕೊನೆಗೆ, ಹುಲ್ಲು ಕತ್ತರಿಸುವ ಯಂತ್ರಕ್ಕೆಂದು ಇಟ್ಟದ್ದು ಎಂದಳು. ದೊಡ್ಡ ಹುಲ್ಲುಹಾಸು ಎಂದ ಲೆನರ್ಡ್, ಮರ್ಯಾದೆಗೆ.

ರಿಪೇರಿಯ ಕೂಲಿಯಾಗಿ ಎರಡು ಕ್ಯಾನು ಸಿಕ್ಕಿತು. ಜನರ ಕಣ್ಣಿಗೆ ಬೀಳದಂತೆ ಕಂಬಳಿಯಲ್ಲಿ ಸುತ್ತಿಕೊಂಡು ಹೋಗಬೇಕೆಂಬುದು ಆಕೆಯ ಷರತ್ತು. ಹಿತ್ತಲಿಗೆ ಬಂದಾಗ ಡೀನಾ ಚಪ್ಪಲಿ ಬಿಚ್ಚಿ, ಮೊಣಕಾಲುದ್ದದ ನೀರಿನಲ್ಲಿ ಕಾಲು ಆಡಿಸುತ್ತಿದ್ದಳು. "ಅಪ್ಪಾ, ಬಾ, ತಣ್ಣಗಿದೆ," ಎಂದಳು. ಲೆನರ್ಡ್ ಗಡಿಯಾರ ನೋಡಿದ. ಮೂರಕ್ಕೆ ಹತ್ತು ನಿಮಿಷ. ಮುಂದಿನ ಸಲ, ಪುಟ್ಟಿ ಎಂದ. ಅವಳು ಕಾಲು ಹೊರಗೆ ತೆಗೆದು ಒದ್ದೆಯಲ್ಲೇ ಚಪ್ಪಲಿ ಹಾಕಿಕೊಂಡಳು.

ಒಂದು ಕ್ಯಾನು ಮಾತಿನಂತೆ ಫುಸ್ಕೋನ ಕಾರಿನ ಹೊಟ್ಟೆಗೆ ಹೋಯಿತು. ಅವರು ಹೊರಟಾಗ ರಸ್ತೆಯ ಸಾಲು ಇನ್ನಷ್ಟು ಉದ್ದವಾಗಿತ್ತು. ಅವರ ಕಾರು ಖಾಲಿ ಮಾಡಿದ ಜಾಗಕ್ಕೆ ಬನಿಯನ್ನಿನವನು ತನ್ನ ಕಾರು ತಳ್ಳಿಕೊಂಡು ಬಂದು, ಮೊದಲಿಗನಾದ ಸಂಭ್ರಮದಲ್ಲಿ ಅವರಿಗೆ ಕೈ ಬೀಸಿದ.

ಮನೆಗೆ ಬಂದು ಎರಡನೆಯ ಕ್ಯಾನನ್ನು ತನ್ನ ಕಾರಿಗೆ ಸುರಿದು, ಡೀನಾಳ ಚೀಲ ತಂದು, ಲೆನರ್ಡ್ ಹೊರಟಾಗ ನಾಲ್ಕು ಗಂಟೆ. ಫುಸ್ಕೋ ಮೆಟ್ಟಿಲ ಮೇಲೆ ಕುಳಿತು ಪಂದ್ಯ ಗೆದ್ದವನಂತೆ ಕೋಲು ಎತ್ತಿ ಬೀಳ್ಕೊಟ್ಟ. ಲೆನರ್ಡ್ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಜೋರಾಗಿ ಓಡಿಸದೆ, ಇಳಿಜಾರಿನಲ್ಲಿ ಎಂಜಿನ್ ಆರಿಸಿಕೊಂಡು ಹೋದರೆ, ಹೋಗುವುದಕ್ಕೆ ಸಾಕು. ಬರುವಾಗ ಮನೆಗೆ ಹತ್ತು ಮೈಲಿ ಇರುವಾಗ ಮುಗಿಯುತ್ತದೆ. ತಳ್ಳುವುದು ಹೇಗೂ ರೂಢಿಯಾಗಿದೆ.

ಶನಿವಾರದ ಸಂಜೆ, ಬೇಸಿಗೆ ರಜೆ. ಬೇರೆ ವರ್ಷಗಳಲ್ಲಿ ಈ ಹೊತ್ತಿಗೆ ಸಮುದ್ರದ ಕಡೆಯ ಆ ಹೆದ್ದಾರಿಯಲ್ಲಿ ಕಾರುಗಳು ಒಂದರ ಬಾಲ ಒಂದು ಮೂಸುತ್ತ ತೆವಳುತ್ತಿದ್ದವು. ಕಾರಿನ ಮಾಡಿನ ಮೇಲೆ ದೋಣಿ, ಕಿಟಕಿಯಲ್ಲಿ ನಾಯಿ, ಹಿಂದಿನ ಸೀಟಿನಲ್ಲಿ ಜಗಳವಾಡುವ ಮಕ್ಕಳು. ಇಂದು ರಸ್ತೆ ಗುಡಿಸಿಟ್ಟ ಅಂಗಳದಂತೆ ಖಾಲಿ. ದಾರಿಬದಿಯ ಹಣ್ಣಿನ ಅಂಗಡಿಯವಳು ಕೊಳ್ಳುವವರಿಲ್ಲದೆ ಸ್ಟ್ರಾಬೆರಿ ಬುಟ್ಟಿಗಳ ನಡುವೆ ನಿದ್ದೆ ಹೋಗಿದ್ದಳು. ಹೋಟೆಲುಗಳ ಮುಂದೆ 'ಕೋಣೆ ಖಾಲಿ ಇದೆ' ಎಂಬ ಫಲಕ. ಒಬ್ಬ ಮುದುಕ ತನ್ನ ಆಟದ ಮೈದಾನದ ತಿರುಗುವ ಕುದುರೆಗಳನ್ನು ಒಂದೊಂದಾಗಿ ಒರೆಸುತ್ತ ನಿಂತಿದ್ದ. ಅವುಗಳ ಮೇಲೆ ಕೂರುವವರು ಯಾರೂ ಇರಲಿಲ್ಲ.

ಡೀನಾ ಪ್ರಶ್ನೆ ಕೇಳುವುದನ್ನು ನಿಲ್ಲಿಸಿದ್ದಳು. ದಣಿದಿದ್ದಾಳೆ ಎಂದುಕೊಂಡ ಲೆನರ್ಡ್. ಚೀಟಿಯಲ್ಲಿ ಬರೆದಿಟ್ಟದ್ದರಲ್ಲಿ ಏನಾದರೂ ಹೇಳೋಣವೆಂದರೆ ಬೆಕ್ಕಿನ ವಿಷಯವೊಂದೇ ನೆನಪಿಗೆ ಬಂತು. ನಮ್ಮ ಬೀದಿಯಲ್ಲಿ ಒಂದು ಬೆಕ್ಕಿದೆ, ಮೂರು ಕಾಲಿನದು ಎಂದ. ಆಮೇಲೆ ಪೆಟ್ರೋಲ್ ಮಟ್ಟ ತೋರಿಸುವ ಮುಳ್ಳಿನ ಕಡೆ ಕಣ್ಣು ಹೋಗಿ ಮಾತು ಅಲ್ಲಿಗೇ ನಿಂತಿತು. ಟ್ಯಾಂಕಿನ ಆ ಮುಳ್ಳು ಕೆಳಗಿಳಿದಷ್ಟೂ ಅವನ ಎದೆಯೂ ಇಳಿಯುತ್ತಿತ್ತು. ಗಡಿಯಾರದ ಮುಳ್ಳು ಮೇಲೇರಿದಷ್ಟೂ ಕಾಲು ತಾನಾಗಿ ಒತ್ತುತ್ತಿತ್ತು. ಈ ಎರಡು ಮುಳ್ಳುಗಳ ನಡುವೆ ಎಪ್ಪತ್ತು ಮೈಲಿ ಕಳೆಯಿತು. ಮಗಳು ತನ್ನ ಕಡೆಗೆ ತಿರುಗಿ ಕುಳಿತು, ದಾರಿಯುದ್ದಕ್ಕೂ ತನ್ನನ್ನೇ ನೋಡುತ್ತಿದ್ದಳು ಎಂಬುದು ಅವನಿಗೆ ತಿಳಿದದ್ದು ಊರಿನ ಮೊದಲ ದೀಪಕ್ಕೆ ನಿಂತಾಗ.

ಆರಕ್ಕೆ ನಾಲ್ಕು ನಿಮಿಷ ಇರುವಾಗ ಅವನು ವಿವಿಯನ್ನಳ ಮನೆಯ ಗಂಟೆ ಒತ್ತಿದ. ಬೆವರಿನಿಂದ ಅಂಗಿ ಬೆನ್ನಿಗಂಟಿತ್ತು, ಕೈಗೆಲ್ಲ ಟೈಪ್‌ರೈಟರಿನ ಮಸಿ, ಮೈಯೆಲ್ಲ ಪೆಟ್ರೋಲಿನ ವಾಸನೆ. ಆದರೆ ಬೆನ್ನು ನೆಟ್ಟಗಿತ್ತು. ಬಹುಮಾನ ತೆಗೆದುಕೊಳ್ಳಲು ಹೆಸರು ಕರೆಯುವುದನ್ನೇ ಕಾಯುವ ಹುಡುಗನಂತೆ ಅವನು ಮೆಟ್ಟಿಲ ಮೇಲೆ ನಿಂತ.

ವಿವಿಯನ್ ಬಾಗಿಲು ತೆರೆದಳು. ಮಗಳನ್ನು ನೋಡಿದಳು, ಗೋಡೆ ಗಡಿಯಾರವನ್ನು ನೋಡಿದಳು, ಬಾಗಿಲಿನ ಚೌಕಟ್ಟಿಗೆ ಒರಗಿದಳು. ಅವಳ ಹಿಂದೆ, ನಡುಮನೆಯಲ್ಲಿ, ಒಂದು ಸೂಟ್‌ಕೇಸು ಬಾಯಿ ತೆರೆದು ಕುಳಿತಿತ್ತು.

"ಎಲ್ಲಿ ಹೋಗಿದ್ದೆ ಲೆನರ್ಡ್? ಬೆಳಿಗ್ಗೆ ಒಂಬತ್ತರಿಂದ ಫೋನ್ ಮಾಡ್ತಿದೀನಿ."

"ಪೆಟ್ರೋಲಿಗೆ. ಯಾಕೆ, ಏನಾಯ್ತು? ಇನ್ನೂ ಆರಾಗಿಲ್ಲ, ನೋಡು."

"ಕರ್ಕೊಂಡು ಬರ್ಬೇಡ ಅಂತ ಹೇಳೋಕೆ ಫೋನ್ ಮಾಡಿದ್ದು," ಎಂದಳು ವಿವಿಯನ್.

ಅವಳು ನರ್ಸು. ಆಸ್ಪತ್ರೆ ಮೂವತ್ತೈದು ಮೈಲಿ ದೂರ. ಪೆಟ್ರೋಲ್ ಇಲ್ಲದೆ ದಿನಕ್ಕೆ ಐದಾರು ನರ್ಸುಗಳು ಕೆಲಸ ತಪ್ಪಿಸುತ್ತಿದ್ದರಂತೆ. ನಾಳೆಯಿಂದ ಎರಡು ವಾರ ಎಲ್ಲರೂ ಆಸ್ಪತ್ರೆಯ ವಸತಿಯಲ್ಲೇ ಉಳಿಯಬೇಕೆಂದು ಬೆಳಿಗ್ಗೆ ಎಂಟೂವರೆಗೆ ತಿಳಿಸಿದ್ದರು. ಡೀನಾಗೆ ಹೇಗೂ ಶಾಲೆಯಿಲ್ಲ. ಎರಡು ವಾರವೂ ಅವಳನ್ನು ಲೆನರ್ಡ್‌ನೇ ಇಟ್ಟುಕೊಳ್ಳಲಿ ಎಂದು ಕೇಳಲು ಅವಳು ಫೋನ್ ಹಚ್ಚಿದ್ದಳು. ಹದಿನಾಲ್ಕು ಸಲ ಹಚ್ಚಿದ್ದಳು.

ಎರಡು ವಾರ ಎಂಬ ಮಾತು ಕಿವಿಯೊಳಗೆ ಇಳಿಯಲು ಲೆನರ್ಡ್‌ಗೆ ಸ್ವಲ್ಪ ಸಮಯ ಹಿಡಿಯಿತು. ಇಳಿದ ಮೇಲೆ ಅವನ ಮುಖ ಅರಳಿತು. "ಸರಿ ಹಾಗಾದ್ರೆ," ಎಂದ, ಚೀಲವನ್ನು ಮತ್ತೆ ಕೈಗೆತ್ತಿಕೊಳ್ಳುತ್ತ. "ಅದಕ್ಕೇನಂತೆ. ಈಗ್ಲೇ ವಾಪಸ್ ಕರ್ಕೊಂಡು ಹೋಗ್ತೀನಿ."

"ಮೂರು ಗಂಟೆವರೆಗೂ ಕಾದೆ. ಯಾರೂ ಎತ್ಲಿಲ್ಲ. ಆಮೇಲೆ ಅಮ್ಮನಿಗೆ ಹೇಳ್ದೆ. ಸ್ಕ್ರ್ಯಾಂಟನ್ನಿಂದ ಬಸ್ ಹತ್ತಿ ಆಯ್ತು ಅವ್ರು. ಎಪ್ಪತ್ತೆರಡು ವರ್ಷ, ಮೂರು ಬಸ್ ಬದಲಾಯಿಸ್ಕೊಂಡು ಬರ್ತಿದಾರೆ. ಬಂದವ್ರಿಗೆ ಮಗು ಇಲ್ಲ, ವಾಪಸ್ ಹೋಗಿ ಅಂತ ಹೇಳ್ಲಾ?"

"ನಾನು ಹೇಳ್ತೀನಿ ಅವ್ರಿಗೆ."

"ನಿನ್ನ ಗಾಡೀಲಿ ಪೆಟ್ರೋಲ್ ಎಷ್ಟಿದೆ?"

ಸುಳ್ಳು ಹೇಳಲು ಅವನಿಗೆ ಬಾಯಿ ಬಂದಿದ್ದರೆ ಬದುಕು ಬೇರೆಯೇ ಇರುತ್ತಿತ್ತು. ಮನೆ ಮುಟ್ಟಲು ಹತ್ತು ಮೈಲಿಗಾಗುವಷ್ಟು ಕಡಿಮೆ ಬೀಳುತ್ತದೆ ಎಂದ. ಹತ್ತಲ್ಲ, ಹದಿನೈದೂ ಇರಬಹುದು ಎಂದ.

"ಕತ್ತಲಲ್ಲಿ ಮಗೂನ ಹೆದ್ದಾರಿ ಮಧ್ಯ ನಿಲ್ಲಿಸ್ಕೊಂಡು ಕೂರ್ತೀಯಾ? ಮೇ ತಿಂಗಳಲ್ಲಿ ಕೂತಂಗೆ?" ಎಂದಳು ವಿವಿಯನ್. ಆಮೇಲೆ ಅವನ ಮಸಿ ಹಿಡಿದ ಕೈ ನೋಡಿ ಅವಳ ದನಿ ತಗ್ಗಿತು. ಬಯ್ಯಬೇಕೆಂದು ಹೊರಟವಳಿಗೆ ಬಯ್ಯಲು ಏನೂ ಸಿಕ್ಕಿರಲಿಲ್ಲ. "ಎರಡು ವರ್ಷದಲ್ಲಿ ಮೊದಲನೇ ಸಲ ಟೈಮಿಗೆ ಸರಿಯಾಗಿ ಬಂದಿದೀಯ ಲೆನರ್ಡ್. ಇವತ್ತೊಂದಿನ ತಡ ಮಾಡಿದ್ರೆ ಏನಾಗ್ತಿತ್ತು?"

ಲೆನರ್ಡ್ ಚೀಲವನ್ನು ಮೆಲ್ಲಗೆ ಹೊಸಿಲಿನ ಒಳಗಿಟ್ಟ. ನೀರು ಬೇಕೇ ಎಂದು ವಿವಿಯನ್ ಕೇಳಿದಳು. ಬೇಡ ಎಂದ. ಎಪ್ಪತ್ತು ಮೈಲಿಯ ಖಾಲಿ ರಸ್ತೆ ನೆನಪಾಗಿ, ಬೇಗ ಹೊರಡುವುದು ಒಳ್ಳೆಯದೆಂದು ಹೇಳಿದ. ಹೇಳಿಯೂ ಹೊರಡದೆ ನಿಂತ.

ಡೀನಾ ಒಳಗೂ ಹೋಗಿರಲಿಲ್ಲ, ಹೊರಗೂ ಇರಲಿಲ್ಲ. ಒಂದು ಕಾಲು ಹೊಸಿಲಿನ ಆಚೆ, ಒಂದು ಈಚೆ. ಇಬ್ಬರ ಮಾತನ್ನೂ ಪೂರ್ತಿ ಕೇಳಿಸಿಕೊಂಡಿದ್ದಳು. ಬೆಳಗಿನಿಂದ ಸಾಲಿನುದ್ದಕ್ಕೂ ಎಲ್ಲರನ್ನೂ ಎಲ್ಲವನ್ನೂ ಕೇಳಿದವಳು ಈಗ ಅಪ್ಪನ ಅಂಗಿಯ ತುದಿ ಹಿಡಿದಳು.

"ಅಪ್ಪಾ," ಎಂದಳು. "ಪೆಟ್ರೋಲ್ ಸಿಗದೇ ಇದ್ರೆ ನಾನು ನಿನ್ನ ಜೊತೇಲೇ ಇರ್ಬೋದಿತ್ತಲ್ವಾ? ಮತ್ತೆ ಯಾಕೆ ಅಷ್ಟೊಂದು ಹುಡುಕಿದೆ?"